ಅತ್ತೆಯ ಜಾಡಿಯಲ್ಲಿ ಮೊಳೆತ ಸೂಜಿಗಳು

"ಸಕ್ಕರೆಗೂ ನನಗೂ ಸಂಬಂಧ ಕಟ್ ಆಗಿ ತಿಂಗಳುಗಳೇ ಆದ್ವು!" ಎಂದು ಟೈಲರ್ ಯಜಮಾನರು ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ ಘೋಷಿಸಿದರು. "ಹಾಗಂತ ಸಿಹಿ ಬಿಡ್ತೀನಿ ಅಂದ್ಕೋಬೇಡ. ಹಿತ್ತಲಲ್ಲಿ ಟೊಮೇಟೊ ಕಾಯಿ ಗೊಂಚಲುಗೊಂಚಲಾಗಿ ಜೋತಾಡ್ತಿದೆ. ನಿಮ್ಮಮ್ಮ ಮಾಡ್ತಿದ್ದ, ಬ್ರೆಡ್ಡಿಗೆ ಸವರ್ಕೊಳ್ಳೋ ಸಿಹಿ ರೆಲಿಶ್ ಇದೆಯಲ್ಲ, ಅದನ್ನ ಸಕ್ಕರೆ ಇಲ್ಲದೆ, ಕಾರ್ಬೋಹೈಡ್ರೇಟೂ ಇಲ್ಲದೆ, ಅವರಿಗಿಂತ ರುಚಿಯಾಗಿ ಮಾಡಿ ತೋರಿಸ್ತೀನಿ!"

"ಮೆಲ್ಲಗೆ. ಅಮ್ಮ ಕೇಳಿಸ್ಕೊಂಡಾರು," ಎಂಬ ಪಿಸುಮಾತು ಅವರ ಕಿವಿಯ ಪಕ್ಕದಲ್ಲೇ ಬಂತು. ಯಜಮಾನರು ಒಂದಡಿ ಮೇಲಕ್ಕೆ ಹಾರಿದರು. ಅವರ ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡೀ ಮಾಡೀ, ಸದ್ದಿಲ್ಲದೆ ನಡೆಯುವುದನ್ನೂ ಪಿಸುಗುಟ್ಟುತ್ತಲೇ ಬೈಯುವುದನ್ನೂ ಮನೆಗೆ ತಂದುಬಿಟ್ಟಿದ್ದಳು.

"ನಿಮ್ಮಮ್ಮ ಹೋಗಿ ಎಷ್ಟೋ ಕಾಲ ಆಯ್ತಲ್ಲೇ!"

"ಹೋಗಿದ್ದಾರೆ. ದೂರ ಹೋಗಿಲ್ಲ."

ಈ ಭೀಷಣ ಪ್ರತಿಜ್ಞೆಯ ಹಿಂದೆ ಅದಕ್ಕಿಂತ ಭೀಷಣವಾದ ಭಯವಿತ್ತು. ಈ ಸಲವೂ ರಕ್ತದ ಸಕ್ಕರೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಹಗಲಿಡೀ ಸೂಜಿ ಹಿಡಿದೇ ಹೊಟ್ಟೆ ಹೊರೆಯುವ ನಮ್ಮ ಯಜಮಾನರಿಗೆ ಇನ್ನೊಬ್ಬರ ಕೈಯ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಟೆಸ್ಟಿಗೆಂದು ಬೆರಳಿನಿಂದ ಒಂದು ಹನಿ ರಕ್ತ ತೆಗೆಯುವಾಗಲೂ ಹೆಂಡತಿ ಅವರ ಕಣ್ಣು ಮುಚ್ಚಬೇಕು!

ಕಾರ್ಯಾರಂಭವಾಯಿತು. ಕಾಯಿಗಳನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ನೀರು ಬಸಿದು, ಈರುಳ್ಳಿ, ಸಾಸಿವೆ, ವಿನೆಗರ್ ಜೊತೆ ಒಲೆಗೇರಿಸಿದರು. ಸಕ್ಕರೆಯ ಜಾಗಕ್ಕೆ ಮೆಡಿಕಲ್ ಶಾಪಿನಿಂದ ಸಕ್ಕರೆಯಲ್ಲದ ಸಿಹಿಪುಡಿ ಬಂದಿತ್ತು. ನೋಡನೋಡುತ್ತಿದ್ದಂತೆ ಪಾತ್ರೆ ತುಂಬ ಇದ್ದದ್ದು ತಳಕ್ಕಿಳಿಯಿತು. ಯಜಮಾನರ ವೃತ್ತಿಬುದ್ಧಿ ಜಾಗೃತವಾಯಿತು. ಹೊಸ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಅದಕ್ಕೇ ಅಳತೆಗಿಂತ ಒಂದಿಷ್ಟು ಜಾಸ್ತಿ ಬಿಟ್ಟು ಕತ್ತರಿಸಬೇಕು ಎಂಬುದು ಅವರು ಅಪ್ಪನಿಂದ ಕಲಿತ ಮೊದಲ ಪಾಠ.

"ಕುಗ್ತಾ ಇದೆ ಕಣೇ! ಜಾಸ್ತಿ ಬಿಡಬೇಕು!" ಎಂದು ಇಡೀ ಪ್ಯಾಕೆಟ್ಟನ್ನು ಸುರಿದರು.

"ಅಯ್ಯೋ! ರೀ, ಕುಗ್ಗೋದು ಟೊಮೇಟೊ. ಸಿಹಿ ಕುಗ್ಗುತ್ತಾ? ಪ್ಯಾಕೆಟ್ ಮೇಲೆ ಏನೋ ಎಚ್ಚರಿಕೆ ಬೇರೆ ಅಚ್ಚಾಗಿದೆ."

"ಅಂಥದ್ದನ್ನೆಲ್ಲ ನಿನ್ನ ಲೈಬ್ರರಿಯಲ್ಲಿ ಓದ್ಕೋ. ಇದು ಅಡುಗೆಮನೆ!"

ಬಿಸಿ ರೆಲಿಶ್ಶು ಅತ್ತೆಯವರ ದಪ್ಪ ಗಾಜಿನ ಜಾಡಿಗಿಳಿಯಿತು. ಲೋಹದ ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟು ಯಜಮಾನರು ಕೈ ಝಾಡಿಸಿಕೊಂಡು ತಿರುಗಿದರಷ್ಟೇ, ಹಿಂದಿನಿಂದ ಯಾರೋ ಬಾಗಿಲು ಬಡಿದಂತೆ, "ಟಕ್!"

"ಯಾ... ಯಾರು?"

"ಯಾರೂ ಇಲ್ಲ. ಆರುವಾಗ ಮುಚ್ಚಳ ಒಳಕ್ಕೆ ಎಳ್ಕೊಳ್ಳುತ್ತೆ. ಅಮ್ಮ ಇದ್ದಾಗಲೂ ಹೀಗೇ ಸದ್ದು ಬರ್ತಿತ್ತು." ಹೆಂಡತಿ ಕಪಾಟಿನ ಬಾಗಿಲು ಮುಚ್ಚಿದಳು. "ಅಮ್ಮ ಮಾತ್ರ ಅದಕ್ಕೆ 'ಬಂದೆ' ಅಂತ ಉತ್ತರ ಕೊಡ್ತಿದ್ದರು."

ಮರುದಿನ ಮುಸ್ಸಂಜೆ. ಕರೆಂಟು ಹೋಗಿತ್ತು. ಹೆಂಡತಿ ಇನ್ನೂ ಬಂದಿರಲಿಲ್ಲ. ಯಜಮಾನರು ಬೆಂಕಿಕಡ್ಡಿ ಗೀರಿ ಕಪಾಟು ತೆರೆದರು. ಜಾಡಿಯೊಳಗೆ, ಗಾಜಿನ ಗೋಡೆಯಿಂದ ನಡುವಿನವರೆಗೆ, ಬೆಳ್ಳಗೆ, ಸಣ್ಣಗೆ, ಚೂಪಾಗಿ ಸೂಜಿಗಳು ಬೆಳೆದಿದ್ದವು! ಒಂದೆರಡಲ್ಲ, ಒಂದು ಆಸ್ಪತ್ರೆಗೆ ಸಾಲುವಷ್ಟು. ತುದಿಗಳೆಲ್ಲ ತಮ್ಮ ಕಡೆಗೇ ತಿರುಗಿವೆಯೆಂದು ಅವರಿಗೆ ಅನ್ನಿಸಿತು.

ಬೇರೆಯವರಾಗಿದ್ದರೆ ಓಡುತ್ತಿದ್ದರು. ಆದರೆ ತಿಂಗಳುಗಟ್ಟಲೆ ಸಿಹಿ ಕಾಣದ ನಾಲಿಗೆ ಯಾವ ದೆವ್ವಕ್ಕೂ ಹೆದರುವುದಿಲ್ಲ. ಅದನ್ನೇ ಬ್ರೆಡ್ಡಿಗೆ ಸವರಿ ಕಚ್ಚಿದರು. ಅಬ್ಬಾ, ಆ ತಂಪು! ಫ್ರಿಜ್ಜಿನ ಮುಖವನ್ನೇ ಕಾಣದ ರೆಲಿಶ್ಶು, ಯಾರೋ ಬಾಯೊಳಗೆ ಮಂಜಿನ ಉಸಿರು ಊದಿದಂತೆ, ನಾಲಿಗೆಯಿಂದ ನೆತ್ತಿಯವರೆಗೆ ಹತ್ತಿತು. ಮೈ ಜುಮ್ಮೆಂದಿತು. ರುಚಿಯೂ ಜುಮ್ಮೆಂದಿತು! ಸಕ್ಕರೆಯೇ ಇಲ್ಲವೆಂದ ಮೇಲೆ ಲೆಕ್ಕವೇಕೆ? ಚಮಚ ಜಾಡಿಯ ತಳಕ್ಕೆ ತಾಗಿ ಸದ್ದಾದ ಮೇಲೆಯೇ ಅವರಿಗೆ ಎಚ್ಚರವಾಯಿತು.

ಆಮೇಲೆ ಶುರುವಾಯಿತು, ಆ ಇನ್ನೊಂದು ಸದ್ದು. ಗುಡು... ಗುಡುಗುಡು... ಅತ್ತೆಯವರ ಖಾಲಿ ಕೋಣೆಯಲ್ಲಿ ಯಾರೋ ಮಂಚ ಎಳೆದಂತೆ. ಹೋಗಿ ನೋಡಿದರೆ ಮಂಚ ಇದ್ದಲ್ಲೇ ಇತ್ತು. ಹಜಾರಕ್ಕೆ ಬಂದರೆ ಸದ್ದು ಹಜಾರಕ್ಕೆ ಬಂತು. ಮೂಲೆಗೆ ಸರಿದರೆ ಮೂಲೆಗೂ ಬಂತು. ಯಜಮಾನರು ಕತ್ತಲಲ್ಲಿ ಕೈಮುಗಿದು ನಿಂತರು.

"ಅತ್ತೆ, ತಪ್ಪಾಯ್ತು! ನಿಮ್ಮ ರೆಲಿಶ್ಶೇ ರುಚಿ! ನಿಮ್ಮ ಜಾಡಿ ಇನ್ನು ಮುಟ್ಟಲ್ಲ!"

ಗುಡುಗುಡು ಗುಳುಂ!

"ರೀ," ಎಂದಿತು ಕತ್ತಲು, ಕಿವಿಯ ಪಕ್ಕದಲ್ಲೇ. ಯಜಮಾನರು ಕಿಟಾರನೆ ಕಿರುಚಿದರು. ಲೈಬ್ರರಿ ಮುಗಿಸಿ ಬಂದ ಹೆಂಡತಿ ಅವರ ಹೊಟ್ಟೆಯ ಮೇಲೆ ಕೈಯಿಟ್ಟಳು. "ಅಮ್ಮ ಅಲ್ಲ. ನೀವೇ."

ಮುಂದಿನದನ್ನು ಮರ್ಯಾದಸ್ಥರು ವಿವರವಾಗಿ ಬರೆಯಬಾರದು. ಬಚ್ಚಲುಮನೆಯ ಚಿಲಕಕ್ಕೆ ಬಿಡುವಿರಲಿಲ್ಲ ಎಂದಷ್ಟೇ ಹೇಳಬಹುದು. ಬೆಳಗಾಗುವಷ್ಟರಲ್ಲಿ ಅಳತೆಗೆ ತಕ್ಕಂತೆ ತಾವೇ ಹೊಲಿದುಕೊಂಡಿದ್ದ ಪ್ಯಾಂಟು ಜಾರತೊಡಗಿತ್ತು. ಹೆಂಡತಿ ಅದನ್ನು ಹಿಂದಿನಿಂದ ಹಿಡಿದುಕೊಂಡೇ ಅವರನ್ನು ಕ್ಲಿನಿಕ್ಕಿಗೆ ನಡೆಸಿದಳು.

"ಜಾಸ್ತಿ ಬಿಡಬೇಕು ಅಂದ್ರಲ್ಲ," ಎಂದು ದಾರಿಯಲ್ಲಿ ಪಿಸುಗುಟ್ಟಿದಳು, "ಕುಗ್ಗೋದು ಯಾರು ಅಂತ ಈಗ ಗೊತ್ತಾಯ್ತು."

ಡಾಕ್ಟರಮ್ಮ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆ ಪುಡಿ ಜಾಸ್ತಿಯಾದ್ರೆ ಆರಿದ ಮೇಲೆ ಹರಳು ಕಟ್ಟುತ್ತೆ. ಹರಳು ನಾಲಿಗೆ ಮೇಲೆ ಕರಗುವಾಗ ತಣ್ಣಗಾಗುತ್ತೆ. ಹೊಟ್ಟೆಗಿಳಿದ್ರೆ ಓಡಿಸುತ್ತೆ. ದೆವ್ವ ಏನಿಲ್ಲ." ಬೆರಳು ಚುಚ್ಚಿ ನೋಡಿದರು. "ಆದ್ರೆ ಸಿಹಿ ಸುದ್ದಿ ಇದೆ. ನಿಮ್ಮ ಸಕ್ಕರೆ ಇಳಿದಿದೆ. ಸದ್ಯಕ್ಕೆ ಇನ್ಸುಲಿನ್ ಬೇಡ."

"ಗೆದ್ದೆ!" ಎಂದು ಯಜಮಾನರು ಎದ್ದು ನಿಂತರು. ಪ್ಯಾಂಟು ನಿಲ್ಲಲಿಲ್ಲ. ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕೂತರು.

"ಮೈಯಲ್ಲಿ ನೀರೇ ಇಲ್ಲವಲ್ಲ ನಿಮಗೆ," ಎಂದ ಡಾಕ್ಟರಮ್ಮ ಅವರನ್ನು ಮಲಗಿಸಿ ಸಲೈನ್ ಬಾಟಲಿಯೊಂದನ್ನು ನೇತುಹಾಕಿದರು. ಬಿಳಿ ಟ್ರೇಯಿಂದ ಏನೋ ಎತ್ತಿಕೊಂಡರು. ಬೆಳ್ಳಗೆ, ಸಣ್ಣಗೆ, ಚೂಪಾಗಿ. ಜಾಡಿಯಲ್ಲಿ ಕಂಡದ್ದೇ! ಒಳಗಿನ ಗುಳ್ಳೆ ಹೋಗಲೆಂದು ಬಾಟಲಿಯ ಕೊಳವೆಗೆ ಉಗುರಿನಿಂದ ಹೊಡೆದರು.

ಟಕ್!

"ಬಂದೆ ಅತ್ತೆ!" ಎಂದರು ಯಜಮಾನರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

ತಣ್ಣನೆಯದೊಂದು ತೋಳಿನೊಳಗೆ ಮೆಲ್ಲಗೆ ಹರಿಯತೊಡಗಿತು. ಕಿವಿಯ ಪಕ್ಕದಲ್ಲಿ ಪಿಸುಮಾತು ಕೇಳಿಸಿತು:

"ಹೆದರಬೇಡಿ. ಇದರಲ್ಲೂ ಸಕ್ಕರೆ ಇಲ್ಲ."