ಬೀರಣ್ಣನ ಕೈನಡುಕ

ಬಶಿಯೊಳಗಿನ ಚಹಾ ತುಳುಕಿ ತುಕಾರಾಮನ ಪೇಪರಿನ ಮೇಲೆ ಬಿದ್ದದ್ದೇ ಎಲ್ಲಕ್ಕೂ ಮೂಲ. ನಾಗಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿರುವ ತುಕಾರಾಮ, ಬೇರೆ ಯಾರಾದರೂ ಆಗಿದ್ದರೆ ಬೈದು ಬಿಡುತ್ತಿದ್ದ. ಆದರೆ ಚೆಲ್ಲಿದವನು ಬೀರಣ್ಣ. ನೂರಿಪ್ಪತ್ತು ಕುರಿ, ಮೂವತ್ತೈದು ವಯಸ್ಸು, ಇನ್ನೂ ಮದುವೆಯಿಲ್ಲ. ಇಂಥವನ ಕೈ ನಡುಗಿದರೆ ಬೈಯುವುದಕ್ಕಿಂತ ಕಾರಣ ಹುಡುಕುವುದರಲ್ಲಿ ರುಚಿ ಹೆಚ್ಚು.

ತುಕಾರಾಮ ಒಂದೊಂದಾಗಿ ಕೇಳಿದ. ನಿದ್ದೆ ಬರುತ್ತದೆಯೇ? ಇಲ್ಲ. ಎದೆ ಹೊಡೆದುಕೊಳ್ಳುತ್ತದೆಯೇ? ಹೊಡೆದುಕೊಳ್ಳುತ್ತದೆ. ಬೆವರು? ಈ ಚಳಿಯಲ್ಲೂ. ಯಾವಾಗ ಜಾಸ್ತಿ? ಬೀರಣ್ಣ ನೆಲ ನೋಡುತ್ತ, ಏಳೂವರೆಯ ಸೋಲಾಪುರ ಗಾಡಿ ಬಂದಾಗ ಅಂದ. ಅಷ್ಟು ಸಾಕಾಯಿತು. ಆ ಗಾಡಿಯ ಕಂಡಕ್ಟರು ಸ್ನೇಹಲ. ಅಕ್ಕಲಕೋಟದವಳು, ಮೂವತ್ತರ ಹತ್ತಿರ, ಮಾತು ಕಡಿಮೆ. ಇದು ಪ್ರೀತಿಯೇ ಎಂದು ತುಕಾರಾಮ ತೀರ್ಪು ಕೊಟ್ಟ. ಒಂದೇ ಅನುಮಾನ ಉಳಿಯಿತು ಅವನಿಗೆ: ಪ್ರೀತಿಗೆ ಬಿದ್ದವರಿಗೆ ಅನ್ನ ಸೇರುವುದಿಲ್ಲ, ಇವನು ಹೊತ್ತಿಗೆ ಆರು ರೊಟ್ಟಿ ತಿನ್ನುತ್ತಾನೆ, ಆದರೂ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತದೆ.

ಪ್ರೀತಿ ಎಂಬ ಮಾತು ಕೇಳಿ ಬೀರಣ್ಣನಿಗೆ ನಾಚಿಕೆಯಾಗಲಿಲ್ಲ, ಸಂತೋಷವಾಯಿತು. ಎಂಟು ತಿಂಗಳಿಂದ ಅವನು ಕೆಲಸವಿರಲಿ ಬಿಡಲಿ, ವಾರಕ್ಕೆರಡು ಸಲ ಅಕ್ಕಲಕೋಟಕ್ಕೆ ಹೋಗಿಬರುತ್ತಿದ್ದ. ಟಿಕೇಟಿಗೆಂದು ನೋಟು ಚಾಚಿದರೆ ಕೈ ಗಡಗಡ. ಕಣ್ಣು ಪಿಳುಕಿಸದೆ ಅವಳನ್ನೇ ನೋಡುತ್ತಿದ್ದ, ಪಿಳುಕಿಸೋಣವೆಂದರೂ ಆಗುತ್ತಿರಲಿಲ್ಲ. ಹಿಂದೆ ಹನ್ನೆರಡು ಕಡೆ ಕನ್ಯೆ ನೋಡಲು ಹೋಗಿದ್ದ. ಕುರಿ ಕಾಯುವವನಿಗೆ ಕೊಡುವುದಿಲ್ಲವೆಂದು ಹನ್ನೆರಡೂ ಮನೆಯವರು ಅವಲಕ್ಕಿ ತಿನ್ನಿಸಿ ಕಳಿಸಿದ್ದರು. ಆಗ ಎಲ್ಲೂ ಎದೆ ಹೀಗೆ ಹಾರಿರಲಿಲ್ಲ. ಇವಳೊಬ್ಬಳು ಬೇಕು, ಮತ್ತೇನೂ ಬೇಡ ಅನ್ನಿಸುತ್ತಿತ್ತು. ಇವತ್ತು ಕೇಳಿಯೇಬಿಡುವುದೆಂದು ದೇವರು ಬೀರೋಬನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಗಾಡಿ ಹತ್ತಿದ.

ಹತ್ತಿದರೆ ಪಕ್ಕದ ಸೀಟಿನಲ್ಲಿ ತುಳಜಾಬಾಯಿ. ಅವಳು ಅವನ ನೆರೆಮನೆಯವಳು. ಸರಕಾರ ಹೆಂಗಸರಿಗೆ ಅರ್ಧ ಟಿಕೇಟು ಮಾಡಿದಂದಿನಿಂದ ಅವಳಿಗೆ ಸೋಲಾಪುರದಲ್ಲಿ ದಿನಕ್ಕೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಸ್ನೇಹಲ ಬಂದಳು. ಬೀರಣ್ಣ ನೋಟು ಚಾಚಿದ, ಬಾಯಿ ತೆರೆದ. ಬರೀ ಗಾಳಿ ಬಂತು. ನೋಟು ಜಾರಿ ತುಳಜಾಬಾಯಿಯ ಬುಟ್ಟಿಗೆ ಬಿತ್ತು. ಸಾವಕಾಶ ಕೊಡಿರೆಂದು ಸ್ನೇಹಲ ಸಣ್ಣಗೆ ನಕ್ಕು ಮುಂದೆ ಹೋದಳು. ತುಳಜಾಬಾಯಿ ಮಾತ್ರ ಅವನ ಕೈಯನ್ನೇ ನೋಡುತ್ತಿದ್ದಳು. ತನ್ನ ಸೊಸೆ ಸಾರಿಕಾಳ ಕೈಯೂ ಹೀಗೇ ನಡುಗುತ್ತಿತ್ತು, ಸೋಲಾಪುರದ ಡಾಕ್ಟರು ಗುಣ ಮಾಡಿದರು, ಇವತ್ತೇ ತೋರಿಸಬೇಕು ಎಂದಳು. ಅಕ್ಕಲಕೋಟದಲ್ಲಿ ಇಳಿಯಲು ಎದ್ದವನನ್ನು ಅಂಗಿ ಹಿಡಿದು ಕೂರಿಸಿದಳು.

ಸೋಲಾಪುರದಲ್ಲಿ ಬೆಳಿಗ್ಗೆ ರಕ್ತ ಕೊಟ್ಟದ್ದಕ್ಕೆ ಮಧ್ಯಾಹ್ನ ಮೂರಕ್ಕೆ ರಿಪೋರ್ಟು ಬಂತು. ಡಾಕ್ಟರು ಗಂಟಲು ಮುಟ್ಟಿ ನುಂಗು ಎಂದರು, ಕೈ ಚಾಚಿಸಿ ಬೆರಳ ಮೇಲೊಂದು ಕಾಗದ ಇಟ್ಟರು. ಕಾಗದ ನಡುಗಿ ನಡುಗಿ ನೆಲಕ್ಕೆ ಬಿತ್ತು. ಆಮೇಲೆ ತಿಳಿಸಿ ಹೇಳಿದರು. ಗಂಟಲಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ. ಮೈಯೊಳಗಿನ ಒಲೆ ಎಷ್ಟು ಉರಿಯಬೇಕೆಂಬುದು ಅದು ರಕ್ತಕ್ಕೆ ಬಿಡುವ ಹಾರ್ಮೋನಿನ ಕೈಯಲ್ಲಿದೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಇನ್ನೊಂದು ಗ್ರಂಥಿ, ಅದು ಇದಕ್ಕೆ ಮುಕಾದಮ, ಮೇಸ್ತ್ರಿ ಇದ್ದಂತೆ; ಬೇಕಾದಾಗ ಕೆಲಸ ಹಚ್ಚುತ್ತದೆ, ಸಾಕಾದಾಗ ನಿಲ್ಲಿಸುತ್ತದೆ. ಬೀರಣ್ಣನ ಥೈರಾಯ್ಡ್ ಮುಕಾದಮನ ಮಾತು ಕೇಳುವುದನ್ನೇ ಬಿಟ್ಟಿದೆ, ಮುಕಾದಮ ಬೇಸತ್ತು ಸುಮ್ಮನಾಗಿದ್ದಾನೆ. ಎದೆಬಡಿತ, ಬೆವರು, ಹಸಿವು, ನಿದ್ದೆಗೇಡು, ಪಿಳುಕದ ಕಣ್ಣು, ಎಲ್ಲ ಅದರದೇ ಕಾರುಬಾರು.

"ಸಾಹೇಬ್ರ, ಒಬ್ಬಾಕಿನ್ನ ನೋಡಿದಾಗ ಭಾಳ ಆಗ್ತೈತ್ರಿ," ಅಂದ ಬೀರಣ್ಣ.

"ಓಡಿ ಬಂದು ಗಾಡಿ ಹತ್ತಿದ್ರ ಡ್ರೈವರನ್ನ ನೋಡಿದ್ರೂ ಆಗ್ತೈತಿ," ಅಂದರು ಡಾಕ್ಟರು.

ಎರಡು ಗುಳಿಗೆ ಬರೆದುಕೊಟ್ಟರು. ಒಂದು ಗ್ರಂಥಿಯನ್ನು ನಿಧಾನಕ್ಕೆ ಹತೋಟಿಗೆ ತರುತ್ತದೆ, ಇನ್ನೊಂದು ತಾಸೊಪ್ಪತ್ತಿನಲ್ಲಿ ಎದೆಬಡಿತ, ಕೈನಡುಕ ಇಳಿಸುತ್ತದೆ.

ಬೀರಣ್ಣನಿಗೆ ಮನೆಯಲ್ಲಿ ಯಾರೋ ಸತ್ತಷ್ಟು ದುಃಖವಾಯಿತು. ಎಂಟು ತಿಂಗಳು ಎದೆಯಲ್ಲಿಟ್ಟು ಸಾಕಿದ್ದು ಗಂಟಲಿನ ಒಂದು ಗ್ರಂಥಿಯ ಚೇಷ್ಟೆಯೇ? ಸ್ಟ್ಯಾಂಡಿನ ನಳದ ನೀರಲ್ಲಿ ಗುಳಿಗೆ ನುಂಗಿದ. ಸಂಜೆಯ ಗಾಡಿ ಬರುವಷ್ಟರಲ್ಲಿ ಎದೆ ಸುಮ್ಮನಾಗಿತ್ತು, ಕೈ ನಿಂತಿತ್ತು. ಅದೇ ಗಾಡಿ, ಅದೇ ಸ್ನೇಹಲ. ಅವನು ಕಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತ. ಅವಳನ್ನು ನೋಡಲು ಹೆದರಿಕೆ. ನೋಡಿ ಏನೂ ಅನ್ನಿಸದಿದ್ದರೆ, ಇನ್ನು ಆಸೆಪಡುವುದಕ್ಕೆ ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ವಳಸಂಗದಲ್ಲಿ ಗಾಡಿ ನಿಂತಿತು. ಡ್ರೈವರು ಇಂಜಿನ್ ಆರಿಸಿ ಚಹಾಕ್ಕೆ ಇಳಿದ. ಬೀರಣ್ಣ ಕಣ್ಣು ತೆರೆದರೆ ಸ್ನೇಹಲ ಎದುರಿಗೇ ನಿಂತಿದ್ದಾಳೆ. ಎದೆ ಹಾರಲಿಲ್ಲ, ಬೆವರಲಿಲ್ಲ. ಆದರೆ ಬೇಕು ಅನ್ನುವುದು ಹಾಗೇ ಇತ್ತು, ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಗುಳಿಗೆ ಒಯ್ದದ್ದು ನಡುಕವನ್ನು ಮಾತ್ರ. ಅಳು ಬರುವಷ್ಟು ಸಂತೋಷವಾಗಿ, ನೋಟು ಚಾಚಿ, ಒಂದೇ ಉಸಿರಿಗೆ ಹೇಳಿದ:

"ನಿಮ್ಮ ಮನಿಗೆ ನಮ್ಮ ಅವ್ವನ್ನ ಕಳಸ್ಲೇನ್ರಿ? ನನಗ ನೀವ ಬೇಕ್ರಿ."

ಸ್ನೇಹಲ ಅವನ ಮುಖ ನೋಡಲಿಲ್ಲ, ಕೈ ನೋಡಿದಳು.

"ಈ ಗಾಡ್ಯಾಗ ದಿನಾ ಎಷ್ಟೋ ಮಂದಿ ಏನೇನೋ ಅಂತಾರ್ರಿ, ಒಬ್ಬರ ಕೈನೂ ಅಳ್ಳಾಡಂಗಿಲ್ಲ. ನಿಮ್ಮದೊಂದ ಕೈ ನಡಗ್ತಿತ್ತು. ಇಂವಾ ಸುಳ್ಳ ಹೇಳಾಂವಲ್ಲ ಅಂತ ಅವ್ವನ ಮುಂದ ಹೇಳಿದ್ನಿ. ಇವರು ಕೇಳೂತನಕ ಬ್ಯಾರೆ ವರಾ ನೋಡಬ್ಯಾಡ ಅಂದಿದ್ನಿ. ಇವತ್ತ ಕೇಳಿದ್ರಿ, ಕೈ ನೋಡಿದ್ರ ಕಲ್ಲಾಗೇತಿ."

ಮುಂದಿನ ಸೀಟಿನಿಂದ ತುಳಜಾಬಾಯಿ ತಿರುಗಿದಳು. ಪಾಪ, ಉಪಕಾರ ಮಾಡುವ ಮನಸ್ಸಿನಿಂದಲೇ ಎಲ್ಲ ಹೇಳಿಬಿಟ್ಟಳು: ನಡುಗುತ್ತಿದ್ದದ್ದು ಥೈರಾಯ್ಡಿನಿಂದ, ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಡಾಕ್ಟರೇ ಹೇಳಿದ್ದಾರೆ, ಈಗ ಗುಳಿಗೆ ನುಂಗಿದ್ದಾನೆ.

"ಅಂದ್ರ ಎಂಟ ತಿಂಗಳ ಅದು ಜಡ್ಡೇನು?" ಎಂದು ಕೇಳಿದಳು ಸ್ನೇಹಲ.

"ನಡುಕ ಜಡ್ಡ ಹೌದ್ರಿ," ಅಂದ ಬೀರಣ್ಣ. "ಅದು ಹೋದ ಮ್ಯಾಲೂ ನೀವ ಬೇಕನಸ್ತೈತ್ರಿ. ಇದಕ್ಕ ಗುಳಿಗಿ ಇಲ್ಲ್ರಿ."

ಅವಳು ಟಿಕೇಟು ಚಾಚಿದಳು. ಇಂಜಿನ್ ಆರಿತ್ತು, ಗಾಳಿಯೂ ಇರಲಿಲ್ಲ. ಆದರೂ ಅವಳ ಬೆರಳ ತುದಿಯಲ್ಲಿ ಟಿಕೇಟು ಪಟಪಟ ಅದುರುತ್ತಿತ್ತು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಬೀರಣ್ಣನಿಗೆ ತಿಳಿಯಿತು. ತನಗಾಗಿ ಒಂದು ಕೈ ನಡುಗುವುದನ್ನು ಅವನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದ.

ತುಳಜಾಬಾಯಿಗೂ ಕಂಡಿತು. ಅವಳು ಸ್ನೇಹಲಳ ಮುಂಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಅಯ್ಯ ನಮ್ಮವ್ವ, ನಿನಗೂ ಅದ ಐತಲ್ಲ. ಎದಿ ಹೊಡಕೊಂತೈತೇನು?"

"ಹೊಡಕೊಂತೈತ್ರಿ."

"ನಿದ್ದಿ?"

"ಇಲ್ಲ್ರಿ. ಏಳೆಂಟ ತಿಂಗಳಾತು."

ಇದು ಆ ಜಡ್ಡಲ್ಲ ಎಂದು ಬೀರಣ್ಣ ಎದ್ದು ನಿಂತು ಹೇಳಿದ, ಎರಡು ಸಲ ಹೇಳಿದ. ಅವನ ಮಾತು ಯಾರು ಕೇಳಬೇಕು, ಅವನೇನು ಡಾಕ್ಟರೇ? ಸ್ನೇಹಲ ತನ್ನ ಕೈಯನ್ನು ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿಕೊಂಡಳು. ಮುಖದ ಮೇಲೆ ನೆಮ್ಮದಿ ಬಂತು.

"ಗುಳಿಗಿ ತಗೊಂಡ್ರ ಹೋಗ್ತೈತೇನ್ರಿ ಮೌಶಿ?"

ಒಂದೇ ತಾಸಿನಲ್ಲಿ, ಎಂದು ತುಳಜಾಬಾಯಿ ಬೀರಣ್ಣನ ಕೈಯತ್ತ ಬೆರಳು ತೋರಿಸಿದಳು.

"ಹಂಗಾದ್ರ ನಾಳೆ ರಜಾ ಹಾಕ್ತೀನ್ರಿ," ಅಂದಳು ಸ್ನೇಹಲ.