ಅಕ್ಕನ ನಾಲ್ಕು ವಾರದ ಪ್ರಾಜೆಕ್ಟುಗಳು

ನಮ್ಮಕ್ಕ ನನ್ನನ್ನು ಹನ್ನೊಂದು ಸಲ ಇಂಟರ್ನ್ ಮಾಡಿದ್ದಳು ಎಂದರೆ ನೀವು ನಂಬಲಾರಿರಿ. ಅದರಲ್ಲಿ ಆರು ಸಲ ಫೇಲೂ ಮಾಡಿದಳು! ಮೊದಲ ಸಲ ಫೇಲಾದಾಗ ನನಗೆ ಅರವತ್ತೆರಡು ವರ್ಷ. ಬ್ಯಾಂಕಿನಿಂದ ಮರ್ಯಾದೆಯಾಗಿ ಹಾರ ಹಾಕಿಸಿಕೊಂಡು ನಿವೃತ್ತನಾಗಿ ಬಂದವನು ನಾನು.

ಅಕ್ಕನೂ ನಿವೃತ್ತಳೇ. ಇನ್ಶೂರೆನ್ಸ್ ಕಚೇರಿಯಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದವಳು. ಮದರಾಸಿನ ಪೋರೂರಿನ ನಮ್ಮ ಮನೆಯಲ್ಲಿ ಅವಳ ಕೈಗೆ ಸಿಗುತ್ತಿದ್ದ ಹೊಸಬ ನಾನೊಬ್ಬನೇ. ಹೀಗಿರುವಾಗ ಅವಳ ಗೆಳತಿಯ ಸೊಸೆ ಒಂದು ದಿನ ಬಂದಳು. ಶೋಳಿಂಗನಲ್ಲೂರಿನಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುವವಳು.

"ಕಾಲೇಜಿನವರು ಇಂಟರ್ನ್‌ಶಿಪ್ ಕೊಡಿ ಅಂತ ಸ್ಟೂಡೆಂಟ್ಸನ್ನ ಕಳಿಸ್ತಾನೇ ಇರ್ತಾರೆ ಆಂಟಿ. ಮನೇಲೇ ಕೂತು ನಾಲ್ಕು ವಾರದಲ್ಲಿ ಮುಗಿಸೋ ಕೆಲಸ ಏನಿದೆ ಅಂತ ಯೋಚನೆ ಮಾಡಕ್ಕೂ ನಮಗೆ ಟೈಮಿಲ್ಲ."

"ನನಗಿದೆ" ಎಂದಳು ಅಕ್ಕ. ಆ ಒಂದು ಮಾತಿಗೆ ನನ್ನ ಮಧ್ಯಾಹ್ನದ ನಿದ್ದೆ ಹಾರಿಹೋಯಿತು.

ಏಕೆಂದರೆ ಅಕ್ಕನ ಯಾವ ಪ್ರಾಜೆಕ್ಟೂ ನನ್ನ ಮೇಲೆ ಪ್ರಯೋಗವಾಗದೆ ವಿದ್ಯಾರ್ಥಿಗಳಿಗೆ ಹೋಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಇಲ್ಲದವರೂ ಮಾಡುವಂತಿರಬೇಕು, ಕೊನೆಗೆ ಲೋಕದಲ್ಲಿ ಒಬ್ಬರಾದರೂ "ಅಬ್ಬ, ಬದುಕಿದೆ!" ಎನ್ನಬೇಕು. ಇದು ಅವಳ ನಿಯಮ. ಒಂದು ಸಲ ವಾಷಿಂಗ್ ಮೆಷಿನ್ ನಡೆಸುವ ಕ್ರಮವನ್ನು ಏನೂ ತಿಳಿಯದವರಿಗೂ ತಿಳಿಯುವಂತೆ ಬರೆಯುವ ಪ್ರಾಜೆಕ್ಟು. ಮಾದರಿಯನ್ನು ಅವಳೇ ಬರೆದು ನನಗೆ ಕೊಟ್ಟಳು. ಬಟ್ಟೆ ಹಾಕಿ ಎಂದಿತ್ತು, ಹಾಕಿದೆ. ಸೋಪಿನ ಪುಡಿ ಹಾಕಿ, ಬಟನ್ ಒತ್ತಿ, ಕಾಯಿರಿ ಎಂದಿತ್ತು. ಕಾದೆ. ಒಂದು ಗಂಟೆ ಕಾದೆ! ನಲ್ಲಿ ತಿರುಗಿಸಿ ಎಂದು ಎಲ್ಲೂ ಬರೆದಿರಲಿಲ್ಲವಲ್ಲ!

"ತಪ್ಪು ನಿಂದಲ್ಲ ಪುಟ್ಟಾ, ನಂದು" ಎಂದು ಅಕ್ಕ ಒಪ್ಪಿಕೊಂಡಳು.

"ಹಾಗಾದ್ರೆ ಪಾಸಾ ಅಕ್ಕಾ?"

"ಒಂದು ಗಂಟೆ ಸುಮ್ನೆ ಕೂತೋನನ್ನ ಯಾರಾದ್ರೂ ಪಾಸ್ ಮಾಡ್ತಾರಾ?"

ಈಗ ಪುರಸೈವಾಕ್ಕಂ ಹುಡುಗಿಯ ಕತೆಗೆ ಬರುತ್ತೇನೆ. ಕೊನೆಯ ವರ್ಷದಲ್ಲಿದ್ದಳು. ಇಂಟರ್ನ್‌ಶಿಪ್ ಮುಗಿಸದಿದ್ದರೆ ಡಿಗ್ರಿ ಇಲ್ಲ. ತಾಯಿಗೆ ಬೆನ್ನಿನ ಆಪರೇಷನ್ ಆಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಆಫೀಸಿಗೆ ಬಾ ಎಂದ ಮೂರು ಕಂಪನಿಗಳನ್ನು ಬಿಟ್ಟಿದ್ದಳು. ಅವಳ ಹತ್ತಿರ ಇದ್ದದ್ದು ಒಂದು ಫೋನು, ಉಳಿದಿದ್ದದ್ದು ನಾಲ್ಕು ವಾರ. ಅಕ್ಕ ಅವಳಿಗೆಂದೇ ಕೆಲಸ ಹೊಸೆದಳು: ದೊಡ್ಡ ಆಸ್ಪತ್ರೆಯಲ್ಲಿ ದಾರಿ ತಪ್ಪಿದ ಇಪ್ಪತ್ತು ಜನರಿಗೆ ಫೋನ್ ಮಾಡಿ, ಎಲ್ಲಿ ತಪ್ಪಿದಿರಿ ಎಂದು ಕೇಳಿ, ಹೊಸಬರಿಗೆ ಒಂದೇ ಪುಟದ ದಾರಿಪಟ ಮಾಡಬೇಕು.

"ದಾರಿ ಗೊತ್ತಿರೋರನ್ನ ಕೇಳೋದಲ್ವಾ ಅಕ್ಕಾ?" ಎಂದೆ.

"ಗೊತ್ತಿರೋರು 'ಸ್ಟ್ರೈಟಾ ಪೋಂಗ', ನೆಟ್ಟಗೆ ಹೋಗಿ ಅಂತಾರೆ ಅಷ್ಟೆ. ತಪ್ಪಿಸ್ಕೊಂಡೋರಿಗೇ ಕಣೋ ತಿರುವು ನೆನಪಿರೋದು."

ನನಗೆ ಆ ಪ್ರಾಜೆಕ್ಟಿನಲ್ಲಿ ಮಿನಿಟ್ಸ್ ಬರೆಯುವ ಹುದ್ದೆ. ಎರಡನೇ ವಾರ ಹುಡುಗಿ ಫೋನ್ ಮಾಡಿದಳು. ಇಪ್ಪತ್ತು ಜನ ಮುಗಿಯಿತು, ಅಮ್ಮನಿಗೆ ನೋವು ಜಾಸ್ತಿ ಎಂದು ತಮಿಳಿನಲ್ಲಿ ಹೇಳಿದಳು. ಅಕ್ಕನದೊಂದು ಗುಣವಿತ್ತು. ಕೋಪ ಬಂದರೆ ಅಚ್ಚ ತಮಿಳು, ಕರುಳು ಚುರುಕ್ ಎಂದರೆ ಕನ್ನಡ. "ಸಾಕು, ಸಾಕು!" ಎಂದಳು. ಮೂರು ದಿನ ಬಿಟ್ಟು ಹುಡುಗಿ ನಲವತ್ತು ಜನರ ಪಟ್ಟಿ ಕಳಿಸಿದಳು. ಅಕ್ಕ ಇನ್ನಷ್ಟು ಕರಗಿ "ಅಯ್ಯೋ ಸಾಕಮ್ಮಾ, ಸಾಕು!" ಎಂದಳು. ಪಟ್ಟಿ ಎಪ್ಪತ್ತಾಯಿತು. ಅಕ್ಕ ಕೈ ಮುಗಿಯುವುದೊಂದು ಬಾಕಿ. ಪಟ್ಟಿ ನೂರು ದಾಟಿತು!

ಆಗ ಹುಡುಗಿ ಫೋನಿನಲ್ಲಿ ಅತ್ತೇಬಿಟ್ಟಳು. "ಏನ್ ಮೇಡಂ ಸಾಕ್ಕು ಸಾಕ್ಕುನು ಸೊಲ್ರೀಂಗ? ನಿಜಮಾವೇ ಅಮ್ಮಾಕ್ಕು ಮುಡಿಯಲೈ!" ಯಾಕೆ ಸಾಕ್ಕು ಸಾಕ್ಕು ಅಂತೀರಿ, ಅಮ್ಮನಿಗೆ ನಿಜವಾಗಿಯೂ ಆಗುತ್ತಿಲ್ಲ ಎಂದು.

ನನ್ನ ಪೆನ್ನು ಕೆಳಗೆ ಬಿತ್ತು. ತಮಿಳಿನಲ್ಲಿ 'ಸಾಕ್ಕು' ಎಂದರೆ ನೆಪ! ಪಾಪ, ಮೇಡಂ ತನ್ನನ್ನು ನೆಪಗಾತಿ ಎಂದು ಬಯ್ಯುತ್ತಿದ್ದಾರೆ, ಅಮ್ಮನ ನೋವನ್ನೂ ನಂಬುತ್ತಿಲ್ಲ ಎಂದು ಆ ಹುಡುಗಿ ಛಲ ಹಿಡಿದು ಮದರಾಸಿನ ಅರ್ಧ ರೋಗಿಗಳಿಗೆ ಫೋನ್ ಮಾಡಿದ್ದಳು! ಅಕ್ಕ ಬೆಳ್ಳಗಾದಳು. ಹುಟ್ಟಿದಾರಭ್ಯ ಯಾರ ಹತ್ತಿರವೂ ಕ್ಷಮೆ ಕೇಳದವಳು ನಾಲ್ಕು ಸಲ ಕೇಳಿದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, "ಏಯ್, ಇದನ್ನ ಮಿನಿಟ್ಸಲ್ಲಿ ಬರೀಬೇಡ!" ಎಂದು ನನ್ನನ್ನು ಗದರಿಸಿದಳು.

ಇಷ್ಟಾದರೂ ಕಾಲೇಜು ಒಪ್ಪಬೇಕಲ್ಲ? ವಿಭಾಗದ ಮುಖ್ಯಸ್ಥರೇ ಅಕ್ಕನಿಗೆ ಫೋನ್ ಮಾಡಿದರು. ಮನೆಯಲ್ಲಿ ಕೂತು ಫೋನ್ ಮಾಡಿದ್ದನ್ನೆಲ್ಲ ಇಂಟರ್ನ್‌ಶಿಪ್ ಎನ್ನಲಾಗುತ್ತದೆಯೇ ಎಂಬ ಅನುಮಾನ ಅವರಿಗೆ. "ಮೇಡಂ, ನಿಮ್ಮ ಡೆಸಿಗ್ನೇಷನ್ ಏನು?" ಎಂದು ತಮಿಳಿನಲ್ಲಿ ಕೇಳಿದರು.

"ರಿಟೈರ್ಡ್" ಎಂದಳು ಅಕ್ಕ, ಅಚ್ಚ ತಮಿಳಿನಲ್ಲಿ. "ಆದರೆ ಇನ್ನೂ ರಿಟೈರ್ ಆಗಿಲ್ಲ. ನೀವು ಪುಟ ನೋಡಿ, ನನ್ನನ್ನಲ್ಲ."

ವೈವಾ ದಿನ ಅಕ್ಕ ತಿಂಡಿ ಮುಟ್ಟಲಿಲ್ಲ. ನನಗೂ ಮುಟ್ಟಲು ಬಿಡಲಿಲ್ಲ. ಹನ್ನೆರಡಕ್ಕೆ ಹುಡುಗಿಯ ಫೋನು. ಮುಖ್ಯಸ್ಥರು ಆ ಪುಟದ ದಾರಿಯ ಮೇಲೆ ಬೆರಳಿಟ್ಟು ನೋಡುತ್ತ ಹೋದರಂತೆ. ಆಮೇಲೆ, "ಈ ಎರಡನೇ ಲಿಫ್ಟ್ ಹತ್ತಿರ ನಾನೂ ತಪ್ಪಿದ್ದೆ, ಅಪ್ಪನನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು" ಎಂದರಂತೆ. ಪಾಸು! ತಮಗೂ ಒಂದು ಪ್ರತಿ ಬೇಕೆಂದು ಕೇಳಿದರಂತೆ! ಅಕ್ಕ ಫೋನಿಟ್ಟು ಹಜಾರದ ತುಂಬ ಒಂದು ಸುತ್ತು ನಡೆದಳು, ಗೆದ್ದ ಪೈಲ್ವಾನರು ನಡೆಯುವ ಹಾಗೆ. ಕೇಸರಿಬಾತ್ ಮಾಡಿದಳು. "ಹೋಗ್ಲಿ, ನೀನೂ ಪಾಸು" ಎಂದು ನನ್ನ ತಟ್ಟೆಗೂ ಹಾಕಿದಳು.

ಅಕ್ಕ ಹೋಗಿ ಈಗ ಐದು ತಿಂಗಳು. ಹದಿಮೂರನೇ ದಿನ ನಮ್ಮ ಬಾಗಿಲ ಮುಂದೆ ಗುರುತಿಲ್ಲದ ಚಪ್ಪಲಿಗಳು ಬಹಳ ಇದ್ದವು. ಎಲ್ಲ ಅವಳ ಇಂಟರ್ನ್‌ಗಳು. ಅವರಲ್ಲಿ ಒಬ್ಬರೂ ಅವಳನ್ನು ನೋಡಿದವರಲ್ಲ. ಮುಖ ಕಂಡರೆ ವಯಸ್ಸು ಲೆಕ್ಕ ಹಾಕುತ್ತಾರೆ ಎಂದು ಅವಳು ಒಂದು ದಿನವೂ ಕ್ಯಾಮೆರಾ ಹಾಕಿದವಳಲ್ಲ.

ಪುರಸೈವಾಕ್ಕಂ ಹುಡುಗಿ ತಾಯಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದಿದ್ದಳು. ಫೋಟೋದ ಮುಂದೆ ನಿಂತು, "ಇವಂಗದಾನಾ ಸಾರ್?" ಎಂದು ಕೇಳಿದಳು. ಇವರೇನಾ? ನಾನು ತಲೆಯಾಡಿಸಿದೆ. ಅವಳು ಚೀಲದಿಂದ ಡಿಗ್ರಿಯ ಪ್ರಮಾಣಪತ್ರ ತೆಗೆದು, ಬರಹದ ಕಡೆಯನ್ನು ಫೋಟೋಕ್ಕೆ ತಿರುಗಿಸಿ ಹಿಡಿದಳು. ಓದಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಕೈ ಅಲುಗಿಸದೆ ಹಿಡಿದೇ ಇದ್ದಳು.