ಹೊರಬಾರದ ತಟ್ಟೆಯೂ ಬಿಡದ ನಾನೂ

ಮುಚ್ಚಿದ್ದನ್ನು ತೆರೆಯುವುದರಲ್ಲಿ ನನ್ನ ಕೈ ಪಳಗಿದ ಕೈ. ಉಪ್ಪಿನಕಾಯಿ ಭರಣಿಯಿರಲಿ, ಕೀಲಿಕೈ ಕಳೆದ ಬೀರುವಿರಲಿ, ನಾನು ಸೋತು ಹಿಂದೆ ಸರಿದದ್ದಿಲ್ಲ. ಹಾಗಿರುವಾಗ ಒಂದು ಸಿಡಿ ಡ್ರೈವು ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಕೋಲ್ಕತ್ತಾದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಬರೆಯುವ ಹೊಣೆ ನನ್ನ ಹೆಂಡತಿ ಸುಮಾಳದು. ಅದೇ ಹೊತ್ತಿಗೆ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಮೇಲಿನ ಮಹಡಿಯ ಶಬಾನಾ, ಐಟಿ ಕಂಪನಿಗಳ ಸೆಕ್ಟರ್ ಫೈವ್‌ನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ, ಒಂದು ಲಿನಕ್ಸ್ ಡಿಸ್ಕ್ ತಂದು ಸಿಡಿ ಡ್ರೈವಿಗೆ ಹಾಕಿಕೊಟ್ಟಳು.

"ಅಂಕಲ್, ಈಗ ಇಡೀ ಕಂಪ್ಯೂಟರ್ ಈ ಡಿಸ್ಕಿಂದಾನೇ ನಡೀತಿದೆ. ಇದನ್ನ ತೆಗೀಬೇಡಿ. ಆಫ್ ಮಾಡಿದ್ರೆ ಬರೆದಿದ್ದೆಲ್ಲ ಹೋಗತ್ತೆ. ಮೊದಲು ಪೆನ್ ಡ್ರೈವ್‌ಗೆ ಹಾಕ್ಕೊಳ್ಳಿ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಕೇಳದೆ ತಲೆಯಾಡಿಸುವುದರಲ್ಲಿ ನನಗೆ ಕೇಂದ್ರ ಸರ್ಕಾರದ ಮೀಟಿಂಗುಗಳ ದೀರ್ಘ ಅನುಭವವಿದೆ.

ಭಾನುವಾರ ಬೆಳಗಿನಿಂದ ಸುಮಾ ಕೂತು ಹದಿನಾಲ್ಕು ಪುಟ ಟೈಪ್ ಮಾಡಿದಳು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹಾಗಾಗಿ ಕನ್ನಡದ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಸಂಜೆ ನಾಲ್ಕು ಗಂಟೆಗೆ ಕುರ್ಚಿ ಬಿಟ್ಟು ಎದ್ದಳು.

"ರೀ, ಐದಕ್ಕೆ ಮಕ್ಕಳು ಪ್ರಾಕ್ಟೀಸಿಗೆ ಬರ್ತಾರೆ. ತಿನ್ನೋಕೆ ಶಿಂಗಾಡ ತರ್ತೀನಿ. ನಾಟಕಾನ ಪೆನ್ ಡ್ರೈವ್‌ಗೆ ಹಾಕಿಡಿ, ನಾನು ಬಂದ ತಕ್ಷಣ ಪ್ರಿಂಟ್ ತೆಗೆಸೋಣ. ಬೇರೆ ಏನೂ ಮುಟ್ಟಬೇಡಿ."

"ಅಷ್ಟೂ ಗೊತ್ತಾಗಲ್ವೇನೇ ನನಗೆ?"

ಅವಳು ಹೋದ ಮೇಲೆ ನನಗೊಂದು ಸದ್ಬುದ್ಧಿ ಹುಟ್ಟಿತು. ನಾಟಕದ ಕುಣಿತಕ್ಕೆ ಹಾಡಿನ ಸಿಡಿ ಮೇಜಿನ ಮೇಲಿತ್ತು. ಅವಳು ಬರುವಷ್ಟರಲ್ಲಿ ಹಾಡು ಮೊಳಗಿಸಿ ಬೆರಗುಗೊಳಿಸಿದರೆ? ಪೆನ್ ಡ್ರೈವಿನ ಕೆಲಸ ಆಮೇಲೆ ಮಾಡಿದರಾಯಿತು. ಡ್ರೈವಿನ ಗುಂಡಿ ಒತ್ತಿದೆ. ತಟ್ಟೆ ಬರಲಿಲ್ಲ. ಮತ್ತೆ ಒತ್ತಿದೆ. ಮೌಸಿನಿಂದ ಹೊರಹಾಕಲು ಹೇಳಿದೆ. 'ಡಿಸ್ಕ್ ಬಳಕೆಯಲ್ಲಿದೆ' ಎಂಬ ಉತ್ತರ ಬಂತು. 'ಸಾಹೇಬರು ಬಿಜಿಯಾಗಿದ್ದಾರೆ' ಎಂದರೆ ಒಳಗೆ ಚಹಾ ಕುಡಿಯುತ್ತಿದ್ದಾರೆ ಎಂದೇ ಅರ್ಥ ಮಾಡಿಕೊಳ್ಳುವವನು ನಾನು. ನನ್ನ ಮುಂದೆಯೇ ಈ ಆಟವೇ!

ಡ್ರೈವಿನ ಮೂತಿಯ ಮೇಲೊಂದು ಸೂಜಿಮೊನೆಯಷ್ಟು ತೂತು ಕಂಡಿತು. ಜೆಮ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಒಳಗೆ ತೂರಿಸಿ ಒತ್ತಿದೆ. ಕರ್ರೆಂದು ಚೀರಿ ತಟ್ಟೆ ಹೊರಬಂತು. ವಿಜಯ!

ಕಂಪ್ಯೂಟರೂ ನಿಲ್ಲಲಿಲ್ಲ. ನಾಟಕದ ಪುಟ ಪರದೆಯ ಮೇಲೆ ಹಾಗೆಯೇ ಇತ್ತು, ಬಾಣದ ಗುರುತೂ ಓಡಾಡುತ್ತಿತ್ತು. ಶಬಾನಾ ಸುಮ್ಮನೆ ಹೆದರಿಸಿದ್ದಾಳೆ ಎಂದು ನಕ್ಕು, ಹಾಡಿನ ಸಿಡಿ ಹಾಕಿ ಮೌಸಿನಿಂದ ಒಂದು ಕಡೆ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಕಡೆ ಒತ್ತಿದೆ. ತಪ್ಪಾಗಿದೆ ಎಂದು ಒಂದು ಚೌಕ ಎದ್ದಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೆದರಿದ ಮನುಷ್ಯ ಮಾಡುವುದನ್ನೇ ಮಾಡಿದೆ. ಸ್ವಿಚ್ ಆರಿಸಿ ಮತ್ತೆ ಹಾಕಿದೆ.

ಕಪ್ಪು ಪರದೆ. ಶಬಾನಾಳಿಗೆ ಫೋನ್ ಮಾಡಿದೆ.

"ಡಿಸ್ಕ್ ತೆಗೆದ್ರಾ? ಪರವಾಗಿಲ್ಲ ಅಂಕಲ್, ಗಾಬರಿ ಆಗ್ಬೇಡಿ. ನಾಟಕ ಇನ್ನೂ ಪರದೆ ಮೇಲೆ ಕಾಣ್ತಾ ಇರತ್ತಲ್ಲ, ಮೊಬೈಲಲ್ಲಿ ಫೋಟೋ ತಕ್ಕೊಳ್ಳಿ. ಆಫ್ ಮಾತ್ರ ಮಾಡ್ಬೇಡಿ!"

"ಮಾಡಿ ಆಯ್ತಮ್ಮಾ."

"ಹಾಗಾದ್ರೆ ಬರೆದಿದ್ದೆಲ್ಲ ಹೋಯ್ತು ಅಂಕಲ್," ಎಂದಳು. ಅಷ್ಟರಲ್ಲಿ ಶಿಂಗಾಡದ, ಎಂದರೆ ಇಲ್ಲಿಯ ಸಮೋಸದ, ಪೊಟ್ಟಣ ಹಿಡಿದು ಸುಮಾ ಒಳಬಂದಳು. ಆದದ್ದನ್ನು ಒಪ್ಪಿಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕುರ್ಚಿಯಲ್ಲಿ ಕುಸಿದು, "ಬೆಳಗಿಂದ ಬರೆದಿದ್ದು ಕಣ್ರೀ," ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ನೆನಪಿದ್ದಷ್ಟು ಹೇಳು, ನಾನು ಬರೆಯುತ್ತೇನೆ ಎಂದೆ. ಹೇಳಿದಳು. ಇಂಗ್ಲಿಷ್ ಅಕ್ಷರದಲ್ಲೇ, ನನ್ನ ಕೋಳಿಕಾಲಿನ ಬರಹದಲ್ಲಿ ಗೀಚಿದೆ. ಐದಕ್ಕೆ ಮಕ್ಕಳು ಬಂದರು. ರಾಜಕುಮಾರಿಯಾಗಬೇಕಿದ್ದ ಹುಡುಗಿ ಹಾಳೆಯನ್ನು ತಿರುವಿ ಮುರುವಿ ನೋಡಿ, "ಆಂಟಿ, ಯೇ ಬಾಂಗ್ಲಾ ಹೈ ಕ್ಯಾ? ಬಂಗಾಳಿನಾ ಇದು?" ಎಂದಳು.

ಸುಮಾ ಹಾಳೆಗಳನ್ನು ಮಡಿಸಿಟ್ಟು, ಕಥೆಯನ್ನು ಬಾಯಲ್ಲೇ ಹೇಳಿದಳು. ಮಕ್ಕಳು ತಮಗೆ ತೋಚಿದ ಕನ್ನಡದಲ್ಲಿ ಆಡತೊಡಗಿದರು. ಮಂತ್ರಿಯಾದ ಹುಡುಗ "ನಾನು ಯುದ್ಧಕ್ಕೆ ಹೋಗಲ್ಲ, ಹೊಟ್ಟೆ ಹಸೀತಿದೆ" ಎಂದಾಗ ಸುಮಾ ಬಿದ್ದು ಬಿದ್ದು ನಕ್ಕಳು. ಬರೆದದ್ದಕ್ಕಿಂತ ಇದೇ ಚೆಂದ, ಹೀಗೇ ಆಡಿಸೋಣ ಎಂದಳು. ನನಗೆ ಹೋದ ಜೀವ ಬಂತು. ನಾಟಕ ಸುಧಾರಿಸಿದ ಕೀರ್ತಿಯಲ್ಲಿ ನನಗೂ ಪಾಲಿದೆ ಎಂದು ಮೆಲ್ಲಗೆ ಸೂಚಿಸಿದೆ.

ಸುಮಾ ಒಪ್ಪಿದಳು. ನನಗೂ ಒಂದು ಪಾತ್ರ ಕೊಟ್ಟಳು. ಮರ! ಎರಡೂ ಕೈ ಮೇಲೆತ್ತಿ, ಏನನ್ನೂ ಮುಟ್ಟದೆ, ಕೊನೆಯವರೆಗೆ ನಿಂತಿರಬೇಕು.

ಗಾಳಿ ಬೀಸುವಾಗ ಸ್ವಲ್ಪ ಅಲುಗಾಡಬಹುದೇ ಎಂದು ಕೇಳಿದೆ.

"ನೋಡೋಣ," ಎಂದಳು.